ಸದ್ದಿನ ಕಥೆ: 44,100 ಅನ್ನೋ ಸಂಖ್ಯೆ ಎಲ್ಲಿಂದ ಬಂತು?

(1/5)
ನಿಮ್ಮ ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ಸ್ ತೆಗೆದು ನೋಡಿ. ಒಂದು ಮೂಲೆಯಲ್ಲಿ "16 ಬಿಟ್, 44100 ಹರ್ಟ್ಜ್" ಅಂತಲೋ "24 ಬಿಟ್, 48000 ಹರ್ಟ್ಜ್" ಅಂತಲೋ ಇರುತ್ತೆ. ಹೆಚ್ಚಿನವರು ಅದನ್ನ ಮುಟ್ಟೋದೇ ಇಲ್ಲ. ಮುಟ್ಟಿದವರು, ದೊಡ್ಡ ನಂಬರ್ ಇದ್ರೆ ಒಳ್ಳೇದು ಅಂತ ಪಟ್ಟಿಯ ಕೊನೆಯದನ್ನ ಒತ್ತಿ ಎದ್ದು ಬರ್ತಾರೆ.

ಆದರೆ 44,100 ಯಾಕೆ? ಲೆಕ್ಕಕ್ಕೆ ಸುಲಭವಾದ 40,000 ಯಾಕಲ್ಲ? ಉತ್ತರ ಇರೋದು ಕಂಪ್ಯೂಟರಲ್ಲಿ ಅಲ್ಲ, ಟಿವಿಯ ಟೇಪಲ್ಲಿ.

(2/5)
ಸದ್ದನ್ನ ಅಂಕಿಯಾಗಿ ಬರೆದಿಡಬಹುದು ಅಂತ ಮೊದಲು ಯೋಚಿಸಿದವರಲ್ಲಿ ಅಲೆಕ್ ರೀವ್ಸ್ ಒಬ್ಬರು. ಇಂಗ್ಲೆಂಡಿನ ಈ ಎಂಜಿನಿಯರ್ 1937ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಕೆಲಸ ಮಾಡ್ತಿದ್ರು. ದೂರದ ಫೋನ್ ಕರೆಯಲ್ಲಿ ಸೇರ್ಕೊಳ್ಳೋ ಗೊರಗೊರ ಸದ್ದು ತಪ್ಪಿಸೋದು ಅವರ ಗುರಿ. ಸದ್ದಿನ ಅಲೆಯನ್ನ ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಸಂಖ್ಯೆಯಾಗಿ ಕಳಿಸೋದು ಅವರ ಉಪಾಯ.

ಎಷ್ಟು ಸಲ ಅಳೀತೀವಿ ಅನ್ನೋದು ಸ್ಯಾಂಪಲ್ ರೇಟ್. ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನೋದು ಬಿಟ್ ಡೆಪ್ತ್. ಬಟ್ಟೆ ಅಂಗಡಿಯ ಅಳತೆಕೋಲಿನಲ್ಲಿ ಗೆರೆಗಳು ಹೆಚ್ಚಿದ್ದಷ್ಟೂ ಅಳತೆ ಕರಾರುವಾಕ್ಕು, ಅಲ್ವಾ? ಹಾಗೇ. ಒಂದೊಂದು ಬಿಟ್ ಹೆಚ್ಚಾದಾಗಲೂ ಸುಮಾರು 6 ಡೆಸಿಬಲ್ ಜಾಗ ಸಿಗುತ್ತೆ. 8 ಬಿಟ್‌ಗೆ ಸುಮಾರು 48, 16ಕ್ಕೆ 96, 24ಕ್ಕೆ 144.

(3/5)
ಮನುಷ್ಯನ ಕಿವಿಗೆ ಹೆಚ್ಚೆಂದರೆ ಸುಮಾರು 20,000 ಹರ್ಟ್ಜ್ ತನಕ ಕೇಳಿಸುತ್ತೆ. ಅದನ್ನ ಹಿಡಿಯೋಕೆ ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸಲ ಅಳೀಬೇಕು. ಅಂದ್ರೆ 40,000ದ ಮೇಲೆ.

ಈಗ 1970ರ ದಶಕಕ್ಕೆ ಬನ್ನಿ. ಈ ಗುಣಮಟ್ಟದ ಒಂದು ನಿಮಿಷದ ಸ್ಟೀರಿಯೋ ಹಾಡಿಗೆ ಸುಮಾರು 10 ಎಂಬಿ ಬೇಕು. ಅಷ್ಟನ್ನ ಗಂಟೆಗಟ್ಟಲೆ ಅಗ್ಗವಾಗಿ ತುಂಬಿಡೋಕೆ ಆಗ ಕೈಗೆ ಸಿಕ್ಕಿದ್ದು ವಿಡಿಯೋ ಟೇಪ್. ಹಾಡಿನ ಅಂಕಿಗಳನ್ನ ಕಪ್ಪು-ಬಿಳಿ ಚುಕ್ಕಿಗಳಾಗಿಸಿ, ಚಿತ್ರ ಅನ್ನೋ ವೇಷ ಹಾಕಿ, ಟೇಪಿಗೆ ಬರೆದ್ರು. ಅದಕ್ಕೇ ಅಂಕಿ ಟಿವಿಯ ಗೆರೆಗಳಿಗೆ ಹೊಂದಲೇಬೇಕಿತ್ತು.

ಅಮೆರಿಕ, ಜಪಾನ್ ಟಿವಿ: 60 ಫೀಲ್ಡ್ × 245 ಗೆರೆ × 3 ಅಳತೆ = 44,100.
ಯುರೋಪ್ ಟಿವಿ: 50 ಫೀಲ್ಡ್ × 294 ಗೆರೆ × 3 ಅಳತೆ = 44,100.

ಎರಡೂ ಕಡೆಗೂ ಸರಿಹೋದ ಸಂಖ್ಯೆ! ಸೋನಿ ಮತ್ತು ಫಿಲಿಪ್ಸ್ ಸೇರಿ 1980ರಲ್ಲಿ ಸಿಡಿಯ ನಿಯಮ ಬರೆದಾಗ ಇದೇ ಗಟ್ಟಿಯಾಯ್ತು. ಬಿಟ್ ವಿಷಯದಲ್ಲಿ ಫಿಲಿಪ್ಸ್ 14 ಸಾಕು ಅಂತಿತ್ತು, ಸೋನಿ 16 ಬೇಕು ಅಂತ ಹಟ ಹಿಡೀತು. ಗೆದ್ದಿದ್ದು 16. 1982ರ ಅಕ್ಟೋಬರ್‌ನಲ್ಲಿ ಸಿಡಿ ಪ್ಲೇಯರ್ ಜಪಾನಿನ ಅಂಗಡಿಗೆ ಬಂತು.

(4/5)
ಕಂಪ್ಯೂಟರ್ ಈ ಕಥೆಗೆ ತಡವಾಗಿ ಬಂತು. 1989ರ ಸೌಂಡ್ ಬ್ಲಾಸ್ಟರ್ ಕಾರ್ಡ್ ಬರೀ 8 ಬಿಟ್. 16 ಬಿಟ್‌ನ ಕಾರ್ಡ್ ಬಂದಿದ್ದು 1992ರಲ್ಲಿ. 1997ರಲ್ಲಿ ಇಂಟೆಲ್ ತಂದ ಎಸಿ'97 ನಿಯಮ 48,000ವನ್ನ ಆಧಾರವಾಗಿ ಇಟ್ಕೊಂಡಿತ್ತು. ಸಿಡಿ ಹಾಡು 44,100, ಕಾರ್ಡ್ 48,000. ಈ ಎರಡರ ಅನುಪಾತ 147ಕ್ಕೆ 160. ಅಂದ್ರೆ ನಡುವಿನ ಅಳತೆಗಳನ್ನ ಲೆಕ್ಕ ಹಾಕಿ ಹೊಸದಾಗಿ ಹುಟ್ಟಿಸಬೇಕು. ಆ ಲೆಕ್ಕವನ್ನ ಅವಸರದಲ್ಲಿ ಮಾಡಿದ್ರೆ ಕಿವಿಗೆ ಗೊತ್ತಾಗುತ್ತೆ.

ಸದ್ದು "ಚೆಂದ" ಮಾಡೋ ಸಾಫ್ಟ್‌ವೇರ್‌ಗಳ ಕಷ್ಟವೂ ಇದೇ. ಬೇಸ್ ಏರಿಸಿದ್ರೆ 16 ಬಿಟ್‌ನ ಮಿತಿ ದಾಟಿ ಅಲೆಯ ತಲೆ ಕತ್ತರಿಸಿ ಹೋಗುತ್ತೆ. ಒಂದರ ಮೇಲೊಂದು ಎಫೆಕ್ಟ್ ಹಾಕಿದ್ರೆ ಪ್ರತಿ ಸಲವೂ ಚಿಲ್ಲರೆ ಬಿಟ್ಟುಹೋಗಿ ತಪ್ಪು ಬೆಳೆಯುತ್ತೆ. ಅದಕ್ಕೇ ವಿಂಡೋಸ್ ವಿಸ್ಟಾದ ಕಾಲಕ್ಕೆ ಒಳಗಿನ ಲೆಕ್ಕವೆಲ್ಲ 32 ಬಿಟ್ ಫ್ಲೋಟ್‌ಗೆ ಬಂತು. ಕೊನೆಗೆ ಮಾತ್ರ ನೀವು ಆರಿಸಿದ ಅಳತೆಗೆ ಇಳಿಸೋದು.

ಹಾಗಾಗಿ ಡಬ್ಬದ ಮೇಲೆ "24 ಬಿಟ್, 192 ಕಿಲೋಹರ್ಟ್ಜ್ ಸಪೋರ್ಟ್" ಅಂತಿದ್ರೆ, ಅಂಥ ಫೈಲನ್ನ ಅದು ತಗೊಳ್ಳುತ್ತೆ ಅಂತ ಅಷ್ಟೇ ಅರ್ಥ. ಹಳೇ ಎಂಪಿ3ಯಲ್ಲಿ ಕಳೆದುಹೋದದ್ದು ವಾಪಸ್ ಬರಲ್ಲ. ಚಿಕ್ಕ ಚೊಂಬಿನ ನೀರನ್ನ ಹಂಡೆಗೆ ಸುರಿದ್ರೆ ನೀರು ಹೆಚ್ಚಾಗುತ್ತಾ?

(5/5)
ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, ನಿಮ್ಮನೆಯ ಅಟ್ಟದಲ್ಲಿ ಒಂದು ಕ್ಯಾಸೆಟ್ ಡಬ್ಬ ಇರಬಹುದು. ಅಜ್ಜಿಯ ಸೋಬಾನೆ, ಊರಿನ ಯಕ್ಷಗಾನ, ತಾತ ಓದಿದ ಗಮಕ. ಟೇಪ್ ಸವೀತಾ ಇದೆ. ಇನ್ನೆಷ್ಟು ಸಲ ಓಡುತ್ತೋ ಹೇಳೋಕಾಗಲ್ಲ.

ಕಂಪ್ಯೂಟರಿಗೆ ಇಳಿಸುವಾಗ ಮೂರು ಮಾತು ನೆನಪಿಡಿ. ಒಂದು: 24 ಬಿಟ್, ಕನಿಷ್ಠ 48,000, ಆದರೆ 96,000. ಧ್ವನಿ ಭಂಡಾರಗಳ ಅಂತಾರಾಷ್ಟ್ರೀಯ ಸಂಘ ಐಎಎಸ್‌ಎ ಹೇಳೋದೂ ಇದನ್ನೇ. ಎರಡು: ಲೆವೆಲ್ ಸ್ವಲ್ಪ ಕಡಿಮೆ ಇಡಿ. 24 ಬಿಟ್‌ನಲ್ಲಿ ಅದಕ್ಕೆ ಜಾಗ ಇದೆ, ಕತ್ತರಿಸಿ ಹೋದ ಅಲೆಗೆ ಮದ್ದಿಲ್ಲ. ಮೂರು: ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್ ಮಾಡಿ. ಒಂದೇ ಸಮನೆ ಬರೋ ಶ್ರುತಿಪೆಟ್ಟಿಗೆಯ ನಾದವನ್ನ ಅದು ಗದ್ದಲ ಅಂತ ತಿಳಿದು ಅಳಿಸಬಹುದು.

ಚೆಂದ ಮಾಡೋದು ಆಮೇಲೆ, ನಕಲಿನ ಮೇಲೆ. ಮೂಲ ಹಾಗೇ ಇರಲಿ.

ನಿಮ್ಮನೆ ಡಬ್ಬದಲ್ಲಿ ಯಾರ ದನಿ ಇದೆ? ಕಾಮೆಂಟಲ್ಲಿ ಹೇಳಿ. ಕ್ಯಾಸೆಟ್ ಇಟ್ಕೊಂಡಿರೋ ಚಿಕ್ಕಪ್ಪನಿಗೆ ಇದನ್ನ ಕಳಿಸಿ.

#ಸದ್ದಿನಕಥೆ #ಕನ್ನಡದಲ್ಲಿವಿಜ್ಞಾನ #ಹಳೇಕ್ಯಾಸೆಟ್