ಬೋರಲು ಮಲಗಿಸುವ ಚಿಕಿತ್ಸೆಯ ಚರಿತ್ರೆ

ರೋಗಿಯನ್ನು ಅಂಗಾತ ಮಲಗಿಸುವುದು ಆಸ್ಪತ್ರೆಗಳ ರೂಢಿ. ವೈದ್ಯರು ಎದೆಯನ್ನು ಪರೀಕ್ಷಿಸುವುದಕ್ಕೂ ದಾದಿಯರು ಶುಶ್ರೂಷೆ ಮಾಡುವುದಕ್ಕೂ ಅದೇ ಅನುಕೂಲ. ವೈರಸ್ಸಿನ ನ್ಯುಮೋನಿಯಾದಿಂದ ಉಸಿರಾಟ ಕಷ್ಟವಾದವರನ್ನು ಬೋರಲು ಮಲಗಿರೆಂದು ಪ್ರೇರಿಸುವ ಕ್ರಮವು ೨೦೨೦ರ ಕೋವಿಡ್ ಕಾಲದಲ್ಲಿ ಎಲ್ಲೆಡೆ ಹರಡಿತು. ಇದು ನಮ್ಮ ಯೋಗಶಾಸ್ತ್ರದ ಮಕರಾಸನವೇ ಎನ್ನುವವರುಂಟು. ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಘೇರಂಡಸಂಹಿತೆಯಲ್ಲಿ ಮಕರಾಸನದ ಲಕ್ಷಣವು ಉಕ್ತವಾಗಿದೆ. ಎದೆಯನ್ನು ನೆಲಕ್ಕಿಟ್ಟು, ಕಾಲುಗಳನ್ನು ನೀಡಿ, ತೋಳುಗಳಿಂದ ತಲೆಯನ್ನು ಹಿಡಿಯಬೇಕು. ಅದರಿಂದ ದೇಹಾಗ್ನಿಯು ವೃದ್ಧಿಯಾಗುವುದೆಂಬುದು ಗ್ರಂಥಕಾರನ ಮತ. ಶ್ವಾಸರೋಗದ ಪ್ರಸ್ತಾಪವು ಆ ಲಕ್ಷಣದಲ್ಲಿಲ್ಲ. ಭಂಗಿಯು ಹೋಲುವುದೆಂಬ ಮಾತ್ರದಿಂದ ಚಿಕಿತ್ಸೆಯ ಪರಂಪರೆಯು ಸಿದ್ಧವಾಗಲಾರದು.

ಈ ಚಿಕಿತ್ಸೆಯ ಮೂಲವು ಬೇರೆಡೆಯಲ್ಲಿದೆ. ಕೃತಕ ಉಸಿರಾಟದಲ್ಲಿರುವ ರೋಗಿಗಳಿಗೆ ಬೋರಲು ಭಂಗಿಯು ಹಿತವಾಗಬಹುದೆಂದು ಬ್ರಯಾನರು ೧೯೭೪ರಲ್ಲಿ ಸೂಚಿಸಿದರು. ೧೯೭೬ರಲ್ಲಿ ಪೀಲ್ ಮತ್ತು ಬ್ರೌನ್ ಎಂಬವರು ಐವರು ರೋಗಿಗಳಲ್ಲಿ ರಕ್ತದ ಆಮ್ಲಜನಕವು ಹೆಚ್ಚಿದುದನ್ನು ಪ್ರಕಟಿಸಿದರು. ಕಾರಣವು ಸ್ಪಷ್ಟವಾದುದೇ. ಅಂಗಾತ ಮಲಗಿದಾಗ ಹೃದಯದ ಭಾರವೂ ಹೊಟ್ಟೆಯ ಒತ್ತಡವೂ ಶ್ವಾಸಕೋಶದ ಹಿಂಭಾಗದ ಮೇಲೆ ಬಿದ್ದು, ಅಲ್ಲಿಯ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಬೋರಲಾದಾಗ ಅವು ತೆರೆಯುತ್ತವೆ; ಅಲ್ಲಿಯ ರಕ್ತಪ್ರವಾಹವಾದರೋ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಗಾಳಿಯೂ ರಕ್ತವೂ ಸಂಧಿಸುವುದರಿಂದ ಆಮ್ಲಜನಕವು ಹೆಚ್ಚಾಗಿ ಸೇರುತ್ತದೆ. ಆದರೂ ಪ್ರಾಣ ಉಳಿಯುವುದೆಂಬುದಕ್ಕೆ ದೃಢವಾದ ಪ್ರಮಾಣ ದೊರೆತುದು ೨೦೧೩ರಲ್ಲಿ. ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಲ್ಲಿ ಯಂತ್ರದ ಉಸಿರಾಟದಲ್ಲಿದ್ದ ೪೬೬ ರೋಗಿಗಳನ್ನು ಪರೀಕ್ಷಿಸಲಾಗಿ, ೨೮ ದಿನಗಳೊಳಗೆ ಅಂಗಾತ ಮಲಗಿದವರಲ್ಲಿ ಶೇಕಡ ೩೨.೮ ಮಂದಿಯೂ, ದೀರ್ಘಕಾಲ ಬೋರಲು ಮಲಗಿದವರಲ್ಲಿ ಶೇಕಡ ೧೬ ಮಂದಿಯೂ ಮೃತರಾಗಿದ್ದರು.

ಆ ರೋಗಿಗಳು ಔಷಧದ ಮಂಪರಿನಲ್ಲಿದ್ದವರು. ಅವರನ್ನು ಹೊರಳಿಸಿದವರು ಶುಶ್ರೂಷಕರು. ೨೦೨೦ರಿಂದ ಎಚ್ಚರವಿರುವ ರೋಗಿಗೂ ಈ ಕ್ರಮವು ವಿಸ್ತರಿಸಿತು. ಅಲ್ಲಿ ಹೊರಳಬೇಕಾದವನು ರೋಗಿಯೇ ಆದುದರಿಂದ, ಅವನಿಗೆ ತಿಳಿಹೇಳಿ ಒಪ್ಪಿಸುವುದೂ ಚಿಕಿತ್ಸೆಯ ಅಂಗವಾಯಿತು. ಇದರ ಫಲವು ಮಿತವಾದುದು. ಆರು ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಉಸಿರಾಟದ ಕೊಳವೆ ಬೇಕಾದವರು ಇಲ್ಲವೆ ಮೃತರಾದವರು ಬೋರಲು ಮಲಗಿದವರಲ್ಲಿ ಶೇಕಡ ೪೦, ಉಳಿದವರಲ್ಲಿ ಶೇಕಡ ೪೬. ಮರಣವೊಂದನ್ನೇ ಎಣಿಸಿದರೆ ನಿಶ್ಚಿತವಾದ ಅಂತರವು ಕಾಣಲಿಲ್ಲ.

೨೦೨೧ರ ಏಪ್ರಿಲಿನಲ್ಲಿ ಭಾರತದ ಕೇಂದ್ರ ಆರೋಗ್ಯ ಇಲಾಖೆಯು ಮನೆಯಲ್ಲಿರುವ ರೋಗಿಗಳಿಗೂ ಈ ಸಲಹೆಯನ್ನಿತ್ತಿತು. ಆಮ್ಲಜನಕದ ಪ್ರಮಾಣವು ೯೪ಕ್ಕಿಂತ ಕೆಳಗಿಳಿದಾಗ ದಿಂಬುಗಳನ್ನಿರಿಸಿಕೊಂಡು ಬೋರಲು ಮಲಗಬೇಕು. ಊಟವಾದ ಒಂದು ಗಂಟೆಯೊಳಗೆ ಕೂಡದು. ಗರ್ಭಿಣಿಯರಿಗೂ ತೀವ್ರ ಹೃದ್ರೋಗಿಗಳಿಗೂ ವರ್ಜ್ಯ.

ಮೇಲಿನ ವಿಚಾರವು ಕೇವಲ ಪಾಂಡಿತ್ಯದ ವಿಷಯವಲ್ಲ. ಆಗುಂಬೆ ಘಟ್ಟದ ತಪ್ಪಲಿನ ಹೆಬ್ರಿಯಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೆಚ್ಚುಕಡಮೆ ಇಪ್ಪತ್ತು ಮೈಲಿ. ಸುತ್ತಲಿನ ಕಾಡಂಚಿನ ಮನೆಗಳಿಂದ ಇನ್ನೂ ಹೆಚ್ಚು. ಇಂತಹ ಊರಿನಲ್ಲಿ ಬೋರಲು ಮಲಗುವುದನ್ನು ಹಿರಿಯರು ಕಂಡುಕೊಂಡ ಪೂರ್ಣ ಔಷಧವೆಂದು ನಂಬಿದ ರೋಗಿಯು ಹೊರಡುವುದಕ್ಕೆ ತಡಮಾಡಬಹುದು. ಆಮ್ಲಜನಕ ದೊರೆಯುವವರೆಗಿನ ಆಸರೆಯೆಂದು ತಿಳಿದವನು ಮಗ್ಗುಲು ಬದಲಿಸುತ್ತಲೇ ವಾಹನಕ್ಕೆ ಹೇಳಿಕಳುಹಿಸುವನು. ಮೂಲವನ್ನು ಸರಿಯಾಗಿ ಗುರುತಿಸುವುದರ ಪ್ರಯೋಜನವು ಇದೇ ಆಗಿದೆ.