ಕಲ್ಯಾಣಪ್ರಾಂತದ ಗ್ರೀಷ್ಮವೂ ಗೃಹಶೈತ್ಯವೂ

ಬೀದರ ಜಿಲ್ಲೆಯಲ್ಲಿ ಮನ್ನಾಏಖೇಳ್ಳಿಯಿಂದ ಹುಮನಾಬಾದಿನ ಮಾರ್ಗವಾಗಿ ಬಸವಕಲ್ಯಾಣದವರೆಗೆ ಹಬ್ಬಿರುವ ಎತ್ತರದ ಬಯಲಿನಲ್ಲಿ ವೈಶಾಖ ಜ್ಯೇಷ್ಠಗಳ ತಾಪವು 40 ಡಿಗ್ರಿಯ ಆಚೀಚೆಗೆ ಏರುವುದುಂಟು. ಆದರೆ ಈ ತಾಪವು ಕರಾವಳಿಯ ಬೆವರಿನ ಸೆಕೆಯಲ್ಲ. ಗಾಳಿಯು ಶುಷ್ಕವಾದುದು, ರಾತ್ರಿಯು ತಂಪಾದುದು. ಈ ಎರಡು ಲಕ್ಷಣಗಳನ್ನು ಮನಸ್ಸಿನಲ್ಲಿಡದೆ ಈ ಪ್ರಾಂತದ ಗೃಹನಿರ್ಮಾಣವನ್ನು ವಿಚಾರಮಾಡುವುದು ವ್ಯರ್ಥ.

ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಮೂರನೆಯ ಸೋಮೇಶ್ವರನು 1129ರಲ್ಲಿ ಮುಗಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಮೂರನೆಯ ವಿಂಶತಿಯು ಉಪಭೋಗಗಳಿಗೆ ಮೀಸಲಾದುದು. ಅದು ಗೃಹದಿಂದಲೇ ಆರಂಭವಾಗುತ್ತದೆ. ಪಾನೀಯ, ಚಾಮರ, ಛತ್ರಗಳಿಗೂ ಅಲ್ಲಿ ಸ್ಥಾನವುಂಟು. ಇದು ಅರಸನ ಭೋಗವೇ ಹೊರತು ಒಕ್ಕಲಿಗನ ಮನೆಯ ಮಾತಲ್ಲ. ಶಾಸ್ತ್ರವಿಧಿಯನ್ನು ಕಂಡ ಮಾತ್ರಕ್ಕೆ ಕಲ್ಯಾಣದ ಅರಮನೆಯು ಹಾಗೆಯೇ ಇದ್ದಿತೆನ್ನುವುದೂ ಸಾಹಸವೇ ಸರಿ.

ಲಾಮಂಚದ ತಟ್ಟಿಯ ವಿಷಯದಲ್ಲಿ ವಿದ್ವಾಂಸರು ಸ್ವಲ್ಪ ಎಚ್ಚರದಿಂದಿರಬೇಕು. ನೀರು ಚಿಮುಕಿಸಿದ ತಟ್ಟಿಗಳಿಂದ ಮನೆಕಟ್ಟುವ ಕ್ರಮವನ್ನು ಅಕ್ಬರನೇ ಕಲ್ಪಿಸಿದನೆಂದು ಅಬುಲ್ ಫಜಲನು ಐನೆ ಅಕ್ಬರಿಯಲ್ಲಿ ಹೇಳುತ್ತಾನೆ. ಶಾಕುಂತಲದ ಮೂರನೆಯ ಅಂಕದಲ್ಲಿ ಉಶೀರವಿದೆಯೆಂದು ತೋರಿಸಿ ಈ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಅಲ್ಲಿರುವುದು ಮೈಗೆ ಹಚ್ಚುವ ಅನುಲೇಪನ. ಲೇಪ ಬೇರೆ, ತಟ್ಟಿ ಬೇರೆ. ಬೇರಿನ ಶೈತ್ಯಗುಣವನ್ನು ಪೂರ್ವಿಕರು ಬಲ್ಲರೆಂಬಷ್ಟೇ ಇದರಿಂದ ಸಿದ್ಧವಾಗುವ ಅಂಶ.

ಬಹಮನಿ ಅಹಮದ ಶಹನು (1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಮೇಲೆ ಪಾರಸೀಕರ ವಿದ್ಯೆಯು ಇಲ್ಲಿಗೆ ಹೇರಳವಾಗಿ ಬಂದಿತು. ಗೀಲಾನದಿಂದ ಬಂದ ಮಹಮೂದ ಗವಾನನ 1472ರ ಮದರಸಾ ಅದಕ್ಕೆ ಪ್ರತ್ಯಕ್ಷಸಾಕ್ಷಿ. ಸುರಂಗಬಾವಿಯೆಂದು ಜನರು ಕರೆಯುವ ಕರೇಜು ಅದೇ ಮೂಲದ್ದು. ಆದರೂ ಅದು ಇಲ್ಲಿ ಬೇರೂರಿದುದು ನೆಲದ ಗುಣದಿಂದ. ಬೀದರಿನಲ್ಲಿ ಮೇಲೆ ರಂಧ್ರಮಯವಾದ ಜಂಬಿಟ್ಟಿಗೆ, ಕೆಳಗೆ ನೀರಿಳಿಯದ ಕರಿಗಲ್ಲು. ಮಳೆಯ ನೀರು ಮೊದಲನೆಯದನ್ನು ಹಾದು ಎರಡನೆಯದರ ಮೇಲೆ ನಿಲ್ಲುತ್ತದೆ. ಸುರಂಗವು ಆ ನೀರನ್ನು ಬಿಸಿಲು ಸೋಂಕದಂತೆ ಊರಿಗೆ ತರುವುದು.

ಪ್ರಜೆಗಳ ಮನೆಯ ತಂಪಿಗೆ ಇಂಥ ವಂಶಾವಳಿ ಬೇಕಿರಲಿಲ್ಲ. ದಪ್ಪ ಗೋಡೆ, ಚಿಕ್ಕ ಬೆಳಕಿಂಡಿ, ತೊಲೆ ಜಂತಿಗಳ ಮೇಲೆ ಮಣ್ಣು ಹೇರಿದ ಮಾಳಿಗೆ: ಇಷ್ಟೇ. ಮಣ್ಣು ಶಾಖವನ್ನು ನಿಧಾನವಾಗಿ ಹೀರುವುದರಿಂದ ಮಧ್ಯಾಹ್ನದ ಉರಿಯು ಒಳಗೆ ಮುಟ್ಟುವ ವೇಳೆಗೆ ಕತ್ತಲಾಗಿರುತ್ತದೆ. ಅಷ್ಟರಲ್ಲಿ ಮನೆಯವರು ಹಾಸಿಗೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದಿರುತ್ತಾರೆ. ಒಳಗೆ ಕತ್ತಲು, ಮಳೆಗಾಲದಲ್ಲಿ ಸೋರುವಿಕೆ ಎಂಬ ದೋಷಗಳಿದ್ದವು. ಕಾಂಕ್ರೀಟಿಗೆ ಜನರು ಒಲಿದುದು ಅಕಾರಣವಲ್ಲ. ಆದರೆ ತೆಳುವಾದ ಆ ಚಾವಣಿಯು ಬೇಗ ಕಾದು ರಾತ್ರಿಯೂ ಶಾಖವನ್ನು ಕೆಳಕ್ಕೆ ಬಿಡುವುದರಿಂದ, ಬೀಸಣಿಗೆಯಂತ್ರವು ಬಿಸಿಗಾಳಿಯನ್ನೇ ತಿರುಗಿಸುತ್ತದೆ.

ಈಗ ಮನೆಮನೆಗೆ ಬಂದಿರುವ ಕೂಲರು ತಟ್ಟಿಯ ವಂಶದ್ದೇ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಸೆಳೆದುಕೊಳ್ಳುವುದೇ ಎರಡರ ತತ್ತ್ವ. ಆದುದರಿಂದ ಅದು ಈ ಒಣನಾಡಿಗೆ ಸಲ್ಲುವಂತೆ ಮಂಗಳೂರಿಗೆ ಸಲ್ಲದು. ಇಲ್ಲಿಯೂ ಶ್ರಾವಣದಲ್ಲಿ ನಿಷ್ಫಲ. ಕಿಟಕಿಯನ್ನು ತೆರೆದಿಟ್ಟು ಗಾಳಿಗೆ ಹೊರದಾರಿ ಮಾಡಬೇಕು; ಮುಚ್ಚಿದ ಕೋಣೆಯನ್ನು ಬಯಸುವ ಏ.ಸಿ. ಯಂತ್ರದ ಕ್ರಮ ಇದಕ್ಕೆ ವಿರುದ್ಧವಾದುದು. ವಿದ್ಯುತ್ತಿನ ವ್ಯಯವು ಕೂಲರಿನಲ್ಲಿ ಬಹಳ ಕಡಿಮೆ, ನೀರಿನ ವ್ಯಯ ಮಾತ್ರ ತಪ್ಪದು. ಅದಕ್ಕೆ ನೀರು ಬೇಕಾಗುವುದು ಬಾವಿಗಳು ತಳಕಾಣುವ ವೈಶಾಖದಲ್ಲಿಯೇ. ಚಾವಣಿಗೆ ಸುಣ್ಣ ಬಳಿಯುವುದಕ್ಕಾದರೋ ವರ್ಷಕ್ಕೊಮ್ಮೆ ಕೆಲವು ಕೊಡ ನೀರು ಸಾಕು.