ಮೀನುಗಾರಿಕೆಗೆ ಧ್ರುವೀಕೃತ ಪವರ್ ಕನ್ನಡಕ

ಮೀನುಗಾರಿಕೆಗೆ ಧ್ರುವೀಕೃತ ಪವರ್ ಕನ್ನಡಕ ಎಂದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಕಣ್ಣು ಕೋರೈಸುವ ಬೆಳಕನ್ನು ತಡೆಯುವುದರ ಜೊತೆಗೆ ಧರಿಸುವವರ ದೃಷ್ಟಿದೋಷವನ್ನೂ ಸರಿಪಡಿಸುವ ತಂಪು ಕನ್ನಡಕ. ಸಮೀಪದೃಷ್ಟಿ, ದೂರದೃಷ್ಟಿ, ಅಸಮದೃಷ್ಟಿ ಅಥವಾ ಚಾಳೀಸು ಇರುವವರು ಸಾಮಾನ್ಯ ತಂಪು ಕನ್ನಡಕವನ್ನು ನೇರವಾಗಿ ಬಳಸಲಾರರು. ತಂಪು ಕನ್ನಡಕ ಧರಿಸಿದರೆ ದೂರದ ವಸ್ತು ಮಸುಕಾಗುತ್ತದೆ. ಪವರ್ ಕನ್ನಡಕವನ್ನಷ್ಟೇ ಧರಿಸಿದರೆ ನೀರಿನ ಹೊಳಪಿನಲ್ಲಿ ಮೀನು, ಬಂಡೆ, ಆಳದ ತಗ್ಗು ಯಾವುದೂ ಕಾಣದು. ಈ ಎರಡು ಅಗತ್ಯಗಳನ್ನು ಒಟ್ಟಿಗೆ ಪೂರೈಸುವ ನಾಲ್ಕು ಮಾರ್ಗಗಳಿದ್ದು, ಕನ್ನಡಕದ ನಂಬರ್, ಮೀನು ಹಿಡಿಯುವ ವಿಧಾನ ಮತ್ತು ಖರ್ಚಿನ ಮಿತಿಗೆ ಅನುಗುಣವಾಗಿ ಇವುಗಳಲ್ಲಿ ಒಂದನ್ನು ಆಯ್ಕೆ ಮಾಡಲಾಗುತ್ತದೆ.

ಹಿನ್ನೆಲೆ

ಯಾದಗಿರಿ ಜಿಲ್ಲೆಯು ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಾಗೂ ಅವುಗಳ ದಡಗಳಲ್ಲಿ ಹರಡಿಕೊಂಡಿರುವ ಪ್ರದೇಶ. ಭೀಮಾ ನದಿಯು ಯಾದಗಿರಿ ನಗರದ ಬಳಿ ಹರಿದು, ಮುಂದೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸುರಪುರ ಸೀಮೆಯ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿರುವ ಬಸವಸಾಗರ ಜಲಾಶಯ, ಅದರಿಂದ ಹೊರಡುವ ಕಾಲುವೆಗಳು ಮತ್ತು ಊರೂರಿನ ಕೆರೆಗಳು ಈ ಭಾಗದಲ್ಲಿ ಮೀನುಗಾರಿಕೆಗೆ ಆಧಾರವಾಗಿವೆ. ಅಬ್ಬೆತುಮಕೂರು, ಶಹಾಪುರ, ಸುರಪುರ ಮೊದಲಾದ ಊರುಗಳಿರುವ ಈ ಸೀಮೆಯಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮೋಡವಿಲ್ಲದ ಆಕಾಶದ ಕೆಳಗೆ ತೆರೆದ ನೀರಿನ ಬಳಿ ಗಂಟೆಗಟ್ಟಲೆ ಕಳೆಯುವವರ ಕಣ್ಣಿಗೆ ಮೇಲಿನಿಂದ ಬರುವ ಬಿಸಿಲಿನ ಜೊತೆಗೆ ನೀರಿನಿಂದ ಪ್ರತಿಫಲಿಸಿದ ಬೆಳಕೂ ಬೀಳುತ್ತದೆ.

ದೀರ್ಘಕಾಲ ನೇರಳಾತೀತ ಕಿರಣಗಳಿಗೆ ಒಡ್ಡಿಕೊಳ್ಳುವುದು ಕಣ್ಣಿನ ಪೊರೆಗೆ ಕಾರಣವಾಗುವ ಅಂಶಗಳಲ್ಲಿ ಒಂದು. ಬಿಳಿಗುಡ್ಡೆಯ ಮೇಲಿನಿಂದ ಕರಿಗುಡ್ಡೆಯತ್ತ ಮಾಂಸದ ಪದರ ಬೆಳೆಯುವ ತೊಂದರೆಯೂ ಬಿಸಿಲು, ಗಾಳಿ ಮತ್ತು ಧೂಳಿನಲ್ಲಿ ದುಡಿಯುವವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಆದ್ದರಿಂದ ಈ ಕನ್ನಡಕವು ಹವ್ಯಾಸಿಗಳ ಸಲಕರಣೆ ಮಾತ್ರವಲ್ಲ. ಹರಿಗೋಲಿನಲ್ಲಿ ಬಲೆ ಬೀಸಿ ಜೀವನ ಸಾಗಿಸುವವರಿಗೂ ಉಪಯುಕ್ತವಾದ ರಕ್ಷಣಾ ಸಾಧನ.

ಕಾರ್ಯವಿಧಾನ

ಸೂರ್ಯನ ಬೆಳಕಿನ ತರಂಗಗಳು ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತವೆ. ಅದು ನೀರಿನಂತಹ ನಯವಾದ ಸಮತಲದಿಂದ ಪ್ರತಿಫಲಿಸಿದಾಗ ಅಡ್ಡಲಾಗಿ ಕಂಪಿಸುವ ಭಾಗವೇ ಹೆಚ್ಚಾಗಿ ಉಳಿಯುತ್ತದೆ. ಇದನ್ನು ಪ್ರತಿಫಲನದಿಂದಾಗುವ ಧ್ರುವೀಕರಣ ಎನ್ನುತ್ತಾರೆ. ಧ್ರುವೀಕೃತ ಮಸೂರದೊಳಗಿನ ತೆಳು ಪದರವು ಲಂಬವಾಗಿ ಕಂಪಿಸುವ ಬೆಳಕನ್ನು ಬಿಟ್ಟು, ಅಡ್ಡಲಾಗಿ ಕಂಪಿಸುವ ಬೆಳಕನ್ನು ಹೀರಿಕೊಳ್ಳುತ್ತದೆ. ಇದರಿಂದ ಮೇಲ್ಮೈಯ ಹೊಳಪು ಮರೆಯಾಗಿ, ನೀರಿನೊಳಗಿನಿಂದ ಬರುವ ಬೆಳಕು ಕಣ್ಣಿಗೆ ತಲುಪುತ್ತದೆ.

ಈ ಪರಿಣಾಮವು ನೋಡುವ ಕೋನವನ್ನು ಅವಲಂಬಿಸಿದೆ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33 ಆಗಿರುವುದರಿಂದ, ಲಂಬರೇಖೆಗೆ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಸಂಪೂರ್ಣವಾಗಿ ಧ್ರುವೀಕೃತವಾಗಿರುತ್ತದೆ. ಇದಕ್ಕೆ ಬ್ರೂಸ್ಟರ್ ಕೋನ ಎಂದು ಹೆಸರು. ಕಣ್ಣು ನೀರಿನ ಮಟ್ಟದಿಂದ 1.5 ಮೀಟರ್ ಎತ್ತರದಲ್ಲಿದ್ದರೆ, ಸುಮಾರು 2 ಮೀಟರ್ ದೂರದ ನೀರಿನ ಮೇಲೆ ಹೊಳಪು ಅತಿ ಹೆಚ್ಚು ಕಡಿಮೆಯಾಗುತ್ತದೆ. ಎತ್ತರದ ದಂಡೆಯ ಮೇಲೆ ನಿಂತಾಗ ಈ ದೂರವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಕಾಲಬುಡದ ನೀರನ್ನು ನೇರವಾಗಿ ಕೆಳಗೆ ನೋಡುವಾಗಲೂ, ದಿಗಂತದ ಸಮೀಪದ ನೀರನ್ನು ನೋಡುವಾಗಲೂ ಪರಿಣಾಮ ಕುಗ್ಗುತ್ತದೆ. ಗಾಳಿಯಿಂದ ಅಲೆಗಳೆದ್ದಾಗ ಮೇಲ್ಮೈಯ ಇಳಿಜಾರು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಹೊಳಪು ಪೂರ್ತಿಯಾಗಿ ಮರೆಯಾಗದು.

ಇತಿಹಾಸ

ಪ್ರತಿಫಲಿತ ಬೆಳಕು ಧ್ರುವೀಕೃತವಾಗಿರುತ್ತದೆ ಎಂಬುದನ್ನು ಫ್ರಾನ್ಸಿನ ಎಟಿಯೆನ್ ಲೂಯಿ ಮಾಲುಸ್ 1808ರಲ್ಲಿ ಗುರುತಿಸಿದನು. ಕೋನಕ್ಕೂ ವಕ್ರೀಭವನ ಸೂಚ್ಯಂಕಕ್ಕೂ ಇರುವ ಸಂಬಂಧವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ನಿರೂಪಿಸಿದನು. ಅಮೆರಿಕದ ಎಡ್ವಿನ್ ಲ್ಯಾಂಡ್ 1929ರಲ್ಲಿ ಧ್ರುವೀಕರಣ ಹಾಳೆಗೆ ಪೇಟೆಂಟ್ ಅರ್ಜಿ ಸಲ್ಲಿಸಿದನು. 1937ರಲ್ಲಿ ಪೋಲರಾಯ್ಡ್ ಸಂಸ್ಥೆಯನ್ನು ಸ್ಥಾಪಿಸಿದನು. ಹಾಳೆಯ ರೂಪದ ಈ ಪದರದಿಂದಾಗಿ ಧ್ರುವೀಕೃತ ತಂಪು ಕನ್ನಡಕಗಳ ತಯಾರಿಕೆ ಸುಲಭವಾಯಿತು.

ನೀರಿನ ಹೊಳಪನ್ನು ಧ್ರುವೀಕರಣದಿಂದ ಅಳಿಸಿ ಒಳಗನ್ನು ನೋಡುವ ಇದೇ ಉಪಾಯವನ್ನು ಸಿ. ವಿ. ರಾಮನ್ 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಬಳಸಿದರು. ನಿಕೋಲ್ ಪ್ರಿಸಂ ಮೂಲಕ ಬ್ರೂಸ್ಟರ್ ಕೋನದಲ್ಲಿ ಸಮುದ್ರವನ್ನು ವೀಕ್ಷಿಸಿದಾಗ, ಆಕಾಶದ ಪ್ರತಿಬಿಂಬ ಮರೆಯಾದ ಮೇಲೂ ನೀಲಿ ಬಣ್ಣ ಉಳಿದಿರುವುದನ್ನು ಅವರು ಕಂಡರು. ಸಮುದ್ರದ ನೀಲಿಗೆ ಆಕಾಶದ ಪ್ರತಿಫಲನವೇ ಕಾರಣ ಎಂಬ ಆಗಿನ ಅಭಿಪ್ರಾಯವನ್ನು ಇದು ಪ್ರಶ್ನಿಸಿತು. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು.

ಆಯ್ಕೆಯ ಮಾರ್ಗಗಳು

ಪವರ್ ಇರುವ ಧ್ರುವೀಕೃತ ಮಸೂರ

ಇದರಲ್ಲಿ ಧ್ರುವೀಕರಣ ಪದರವು ಮಸೂರದೊಳಗೇ ಸೇರಿರುತ್ತದೆ. ದೃಷ್ಟಿಯ ನಂಬರನ್ನು ಮಸೂರದ ಹಿಂಬದಿಯಲ್ಲಿ ಉಜ್ಜಿ ರೂಪಿಸಲಾಗುತ್ತದೆ. ಒಂದೇ ಕನ್ನಡಕದಲ್ಲಿ ಎರಡೂ ಕೆಲಸಗಳಾಗುವುದರಿಂದ ನೋಟವು ಅತ್ಯಂತ ಸ್ಪಷ್ಟವಾಗಿರುತ್ತದೆ. ಇದು ನಾಲ್ಕು ಮಾರ್ಗಗಳಲ್ಲಿ ಸಾಮಾನ್ಯವಾಗಿ ದುಬಾರಿಯಾದದ್ದು, ಮತ್ತು ನಂಬರ್ ಬದಲಾದಾಗ ಮಸೂರವನ್ನೂ ಬದಲಿಸಬೇಕು. ಅಸಮದೃಷ್ಟಿ ಇರುವವರಿಗೆ ಸಿಲಿಂಡರ್ ಪವರ್‌ನ ಅಕ್ಷ ಮತ್ತು ಧ್ರುವೀಕರಣದ ಅಕ್ಷ ಎರಡೂ ಸರಿಯಾದ ಕೋನದಲ್ಲಿ ಕೂರಬೇಕು. ದುಂಡನೆಯ ಫ್ರೇಮಿನಲ್ಲಿ ಮಸೂರ ತಿರುಗಿಬಿಟ್ಟರೆ ಎರಡೂ ಒಟ್ಟಿಗೆ ಕೆಡುತ್ತವೆ.

ಮುಖವನ್ನು ಸುತ್ತುವರಿಯುವ ಬಾಗಿದ ಫ್ರೇಮುಗಳು ಪಕ್ಕದ ಬೆಳಕನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಹೆಚ್ಚು ಬಾಗಿದ ಮಸೂರದಲ್ಲಿ ಹೆಚ್ಚಿನ ನಂಬರ್ ಕೂರಿಸಿದರೆ ಅಂಚು ದಪ್ಪವಾಗುತ್ತದೆ, ಪಕ್ಕದ ನೋಟ ಬಾಗಿದಂತೆ ಕಾಣುತ್ತದೆ, ಕೆಲವರಿಗೆ ತಲೆಸುತ್ತು ಬರುತ್ತದೆ. ನಂಬರ್ ಹೆಚ್ಚಿರುವವರಿಗೆ ಕಡಿಮೆ ಬಾಗಿನ, ಅಗಲವಾದ ಕಡ್ಡಿಗಳಿರುವ ಫ್ರೇಮ್ ಸೂಕ್ತ. ಬಾಗಿದ ಫ್ರೇಮ್ ಬೇಕೇಬೇಕಿದ್ದರೆ ಫ್ರೇಮಿನ ಓರೆಗೆ ತಕ್ಕಂತೆ ಪವರನ್ನು ಹೊಂದಿಸಿ ಮಸೂರ ತಯಾರಿಸಬೇಕಾಗುತ್ತದೆ.

ಕ್ಲಿಪ್

ನಿತ್ಯ ಧರಿಸುವ ಪವರ್ ಕನ್ನಡಕದ ಮೇಲೆ ಸಿಕ್ಕಿಸುವ ಧ್ರುವೀಕೃತ ಮಸೂರಗಳ ಜೋಡಿ ಇದು. ಬೆಲೆ ಕಡಿಮೆ, ತೂಕವೂ ಕಡಿಮೆ. ಮೇಲಕ್ಕೆ ಮಡಚಬಹುದಾದ ಕ್ಲಿಪ್ ಇದ್ದರೆ ಗಾಳಕ್ಕೆ ದಾರ ಕಟ್ಟುವಾಗ ಅದನ್ನು ಎತ್ತಿಕೊಳ್ಳಬಹುದು. ಎರಡು ಮಸೂರಗಳ ನಡುವೆ ಧೂಳು ಸೇರಿ ಗೀರು ಬೀಳುವುದು, ಹಿಂದಿನಿಂದ ಬರುವ ಬೆಳಕು ಪ್ರತಿಫಲಿಸುವುದು, ಪಕ್ಕದಿಂದ ಬಿಸಿಲು ನುಗ್ಗುವುದು ಇದರ ಕೊರತೆಗಳು. ಕ್ಲಿಪ್ ಓರೆಯಾಗಿ ಕೂತರೆ ಧ್ರುವೀಕರಣದ ಅಕ್ಷವೂ ಓರೆಯಾಗಿ ಹೊಳಪು ಮತ್ತೆ ಕಾಣಿಸಿಕೊಳ್ಳುತ್ತದೆ.

ಮೇಲುಕನ್ನಡಕ

ಪವರ್ ಕನ್ನಡಕದ ಮೇಲೆಯೇ ಧರಿಸುವ ದೊಡ್ಡ ಗಾತ್ರದ ತಂಪು ಕನ್ನಡಕವಿದು. ಮೇಲಿನಿಂದಲೂ ಪಕ್ಕದಿಂದಲೂ ಬೆಳಕನ್ನು ತಡೆಯುತ್ತದೆ; ನಂಬರ್ ಬದಲಾದರೂ ಇದನ್ನು ಬದಲಿಸಬೇಕಿಲ್ಲ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದೊಂದನ್ನೇ ಹಂಚಿಕೊಂಡು ಬಳಸಬಹುದು. ಸೆಕೆಯಲ್ಲಿ ಒಳಗೆ ಬೆವರಿನ ಆವಿ ಕಟ್ಟುವುದು ಮತ್ತು ಮೂಗಿನ ಮೇಲೆ ಭಾರ ಬೀಳುವುದು ಇದರ ತೊಂದರೆಗಳು. ಕೊಳ್ಳುವಾಗ ನಿತ್ಯದ ಕನ್ನಡಕವನ್ನು ಧರಿಸಿಯೇ ಅಳತೆ ನೋಡಬೇಕು.

ಕಾಂಟ್ಯಾಕ್ಟ್ ಲೆನ್ಸ್ ಮತ್ತು ಪವರ್ ಇಲ್ಲದ ತಂಪು ಕನ್ನಡಕ

ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಯಾವುದೇ ಧ್ರುವೀಕೃತ ತಂಪು ಕನ್ನಡಕವನ್ನು ಬಳಸಬಹುದು. ಆದರೆ ನದಿ ಮತ್ತು ಕೆರೆಯ ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಅದು ಲೆನ್ಸಿನ ಮೂಲಕ ಕರಿಗುಡ್ಡೆಗೆ ತಗುಲಿದರೆ ದೃಷ್ಟಿಯನ್ನೇ ಕಸಿಯಬಲ್ಲ ಸೋಂಕು ಉಂಟಾಗುತ್ತದೆ. ನದಿಯ ನೀರಿನಿಂದ ಲೆನ್ಸ್ ತೊಳೆಯುವುದು, ಬಲೆ ಮತ್ತು ಮೀನು ಮುಟ್ಟಿದ ಕೈಯಿಂದ ಅದನ್ನು ಸರಿಪಡಿಸುವುದು, ಅದನ್ನು ಧರಿಸಿ ಈಜುವುದು ಅಪಾಯಕಾರಿ.

ಮಸೂರದ ವಸ್ತು

ಮಸೂರಗಳನ್ನು ಗಾಜು, ಸಾಮಾನ್ಯ ಪ್ಲಾಸ್ಟಿಕ್ ರಾಳ, ಪಾಲಿಕಾರ್ಬೊನೇಟ್, ಟ್ರೈವೆಕ್ಸ್ ಮತ್ತು ಹೆಚ್ಚಿನ ಸೂಚ್ಯಂಕದ ಪ್ಲಾಸ್ಟಿಕ್‌ಗಳಿಂದ ತಯಾರಿಸಲಾಗುತ್ತದೆ. ಗಾಜಿಗೆ ಗೀರು ಬೇಗ ಬೀಳದು, ಆದರೆ ಅದು ಭಾರ ಮತ್ತು ಒಡೆಯಬಲ್ಲದು. ಸಾಮಾನ್ಯ ರಾಳದ ಸೂಚ್ಯಂಕ ಸುಮಾರು 1.50, ಕಡಿಮೆ ನಂಬರಿಗೆ ಇದು ಸಾಕು. ಪಾಲಿಕಾರ್ಬೊನೇಟ್ (1.59) ಮತ್ತು ಟ್ರೈವೆಕ್ಸ್ (1.53) ಹೊಡೆತವನ್ನು ತಾಳಿಕೊಳ್ಳುತ್ತವೆ. ಗಾಳ ಎಸೆಯುವಾಗ ಕೊಕ್ಕೆಯಾಗಲಿ ಸೀಸದ ತೂಕವಾಗಲಿ ಮುಖಕ್ಕೆ ಬಡಿಯುವ ಸಂಭವ ಇರುವುದರಿಂದ ಮೀನುಗಾರಿಕೆಗೆ ಇವೆರಡೂ ಸುರಕ್ಷಿತ ಆಯ್ಕೆಗಳು. ನಂಬರ್ ಹೆಚ್ಚಿರುವವರು 1.60 ಅಥವಾ 1.67 ಸೂಚ್ಯಂಕದ ತೆಳು ಮಸೂರ ಆರಿಸುವುದುಂಟು.

ಬಣ್ಣ ಮತ್ತು ಗಾಢತೆ

* ಬೂದು: ಬಣ್ಣಗಳನ್ನು ಹೆಚ್ಚು ಬದಲಿಸದು, ಜಲಾಶಯದಂತಹ ತೆರೆದ ನೀರಿಗೆ, ಪ್ರಖರ ಬಿಸಿಲಿಗೆ ಸೂಕ್ತ.
* ಕಂದು ಮತ್ತು ತಾಮ್ರವರ್ಣ: ನೀಲಿ ಬೆಳಕನ್ನು ತಗ್ಗಿಸಿ ಬೆಳಕು ನೆರಳಿನ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ; ಆಳವಿಲ್ಲದ ನದಿ, ಕೆರೆ ಮತ್ತು ಕಾಲುವೆಗಳಿಗೆ ಸೂಕ್ತ.
* ಹಳದಿ: ಹೆಚ್ಚು ಬೆಳಕನ್ನು ಒಳಬಿಡುತ್ತದೆ; ಮುಂಜಾನೆ, ಸಂಜೆ ಮತ್ತು ಮೋಡದ ದಿನಗಳಿಗೆ ಸೂಕ್ತ, ನಡುಹಗಲಿಗೆ ಸಾಲದು.

ಅಂತರರಾಷ್ಟ್ರೀಯ ಮಾನದಂಡದಂತೆ ತಂಪು ಕನ್ನಡಕಗಳನ್ನು ಗಾಢತೆಗೆ ಅನುಗುಣವಾಗಿ 0ರಿಂದ 4ರವರೆಗೆ ವರ್ಗೀಕರಿಸಲಾಗಿದೆ. 2ನೇ ವರ್ಗವು ಶೇ. 18ರಿಂದ 43ರಷ್ಟು ಬೆಳಕನ್ನೂ, 3ನೇ ವರ್ಗವು ಶೇ. 8ರಿಂದ 18ರಷ್ಟು ಬೆಳಕನ್ನೂ ಬಿಡುತ್ತದೆ. ಬಿಸಿಲಿನ ಹಗಲಿಗೆ 3ನೇ ವರ್ಗ ಸಾಕಾಗುತ್ತದೆ. 4ನೇ ವರ್ಗದ ಕನ್ನಡಕ ಧರಿಸಿ ವಾಹನ ಓಡಿಸಬಾರದು. ಧ್ರುವೀಕರಣ ಮತ್ತು ನೇರಳಾತೀತ ರಕ್ಷಣೆ ಬೇರೆ ಬೇರೆ ಗುಣಗಳು. ಗಾಢ ಮಸೂರದ ಹಿಂದೆ ಕಣ್ಣಿನ ಪಾಪೆ ಹಿಗ್ಗುವುದರಿಂದ, ನೇರಳಾತೀತ ರಕ್ಷಣೆಯಿಲ್ಲದ ಅಗ್ಗದ ಕನ್ನಡಕದಿಂದ ಹಾನಿಯ ಸಾಧ್ಯತೆ ಇದೆ. 400 ನ್ಯಾನೋಮೀಟರ್‌ವರೆಗಿನ ಕಿರಣಗಳನ್ನು ತಡೆಯುವುದೆಂದು ಸೂಚಿಸುವ 'ಯುವಿ 400' ಗುರುತನ್ನು ಗಮನಿಸಬೇಕು. ಮಸೂರದ ಹಿಂಬದಿಗೆ ಪ್ರತಿಫಲನ ತಡೆಯುವ ಲೇಪನವಿದ್ದರೆ, ಬೆನ್ನ ಹಿಂದಿನ ಬಿಸಿಲು ಮಸೂರಕ್ಕೆ ಬಡಿದು ಕಣ್ಣಿಗೆ ಬೀಳುವುದು ತಪ್ಪುತ್ತದೆ.

ಚಾಳೀಸು ಇರುವವರ ಆಯ್ಕೆ

ನಲವತ್ತು ದಾಟಿದವರಿಗೆ ದೂರದ ನೀರು ಸ್ಪಷ್ಟವಾಗಿ ಕಂಡರೂ ಕೊಕ್ಕೆಯ ಕಣ್ಣಿಗೆ ದಾರ ಪೋಣಿಸುವುದು ಕಷ್ಟವಾಗುತ್ತದೆ. ಇವರಿಗೆ ಧ್ರುವೀಕೃತ ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಮಸೂರಗಳು ದೊರೆಯುತ್ತವೆ. ಕೆಳಭಾಗದ ಓದುವ ಪವರ್ ಮೂಲಕ ಕಾಲಬುಡವನ್ನು ನೋಡಿದರೆ ನೆಲ ಮಸುಕಾಗುತ್ತದೆ. ಜಾರುವ ಬಂಡೆಯ ಮೇಲೆ ನಡೆಯುವವರಿಗೆ, ಹರಿಗೋಲಿಗೆ ಹತ್ತಿ ಇಳಿಯುವವರಿಗೆ ಇದು ಅಪಾಯಕರ. ಹೀಗಾಗಿ ಓದುವ ಭಾಗವನ್ನು ಚಿಕ್ಕದಾಗಿ ಮತ್ತು ತುಸು ಕೆಳಗೆ ಇರಿಸುವಂತೆ ಕನ್ನಡಕದವರಿಗೆ ತಿಳಿಸಬಹುದು. ಇಲ್ಲವೇ ದೂರದ ಪವರ್ ಮಾತ್ರ ಹಾಕಿಸಿ, ಹತ್ತಿರದ ಕೆಲಸಕ್ಕೆ ಪ್ರತ್ಯೇಕ ಕನ್ನಡಕವನ್ನು ಕೊರಳಿಗೆ ತೂಗುಹಾಕಿಕೊಳ್ಳಬಹುದು.

ಖರೀದಿಯ ಮುನ್ನ ಪರೀಕ್ಷೆ

ಕಣ್ಣಿನ ತಪಾಸಣೆ ಮಾಡಿಸಿ ಹೊಸ ನಂಬರ್ ಪಡೆಯುವುದು ಮೊದಲ ಹೆಜ್ಜೆ. ನಂಬರಿನೊಂದಿಗೆ ಎರಡು ಪಾಪೆಗಳ ನಡುವಿನ ಅಂತರವನ್ನೂ ಬರೆಸಿಕೊಳ್ಳಬೇಕು. ಧ್ರುವೀಕರಣ ಇದೆಯೇ ಎಂಬುದನ್ನು ಅಂಗಡಿಯಲ್ಲೇ ತಿಳಿಯಬಹುದು. ಹೊಳೆಯುವ ನೆಲವನ್ನೋ ಗಾಜಿನ ಮೇಜನ್ನೋ ಓರೆಯಾಗಿ ನೋಡುತ್ತ ಕನ್ನಡಕವನ್ನು 90 ಡಿಗ್ರಿ ತಿರುಗಿಸಿದರೆ ಹೊಳಪು ಹೆಚ್ಚು ಕಡಿಮೆಯಾಗಬೇಕು. ಧ್ರುವೀಕೃತವೆಂದು ಖಚಿತವಾಗಿರುವ ಎರಡು ಕನ್ನಡಕಗಳನ್ನು ಒಂದರ ಮೇಲೊಂದು ಅಡ್ಡವಾಗಿ ಹಿಡಿದರೆ ಬೆಳಕು ಬಹುಪಾಲು ನಿಂತುಹೋಗುತ್ತದೆ. ಎಲ್‌ಸಿಡಿ ಪರದೆಯ ಮುಂದೆ ತಿರುಗಿಸಿದಾಗ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಎರಡೂ ಮಸೂರಗಳು ಒಂದೇ ಕೋನದಲ್ಲಿ ಕಪ್ಪಾಗದಿದ್ದರೆ ಅವುಗಳ ಅಕ್ಷ ಹೊಂದಿಲ್ಲವೆಂದು ಅರ್ಥ. ನೇರಳಾತೀತ ರಕ್ಷಣೆಯನ್ನು ಬರಿಗಣ್ಣಿನಿಂದ ತಿಳಿಯಲಾಗದು. ಅದಕ್ಕೆ ಮಾಪಕ ಬೇಕು.

ಮಿತಿಗಳು ಮತ್ತು ಸುರಕ್ಷತೆ

ಧ್ರುವೀಕೃತ ಮಸೂರವು ಮೇಲ್ಮೈಯ ಹೊಳಪನ್ನು ಮಾತ್ರ ತೆಗೆಯುತ್ತದೆ. ನೀರಿನಲ್ಲಿ ಕದಡಿದ ಮಣ್ಣನ್ನು ತೆಗೆಯದು. ಮಳೆಗಾಲದ ಕೆಂಪು ನೀರಿನಲ್ಲಿ ಇದರಿಂದ ಒಳಗಿನ ನೋಟ ಸಿಗದು. ವಕ್ರೀಭವನದ ಪರಿಣಾಮವನ್ನೂ ಇದು ಸರಿಪಡಿಸದು. ನೇರವಾಗಿ ಮೇಲಿನಿಂದ ನೋಡಿದಾಗ ನೀರು ತನ್ನ ನಿಜವಾದ ಆಳದ ಮುಕ್ಕಾಲು ಭಾಗದಷ್ಟೇ ಇರುವಂತೆ ಕಾಣುತ್ತದೆ. ಓರೆಯಾಗಿ ನೋಡಿದಾಗ ಇನ್ನೂ ಕಡಿಮೆ. ತಳ ಸ್ಪಷ್ಟವಾಗಿ ಕಾಣುವುದರಿಂದ ಆಳ ಕಡಿಮೆಯೆಂದು ಭಾವಿಸಿ ನೀರಿಗಿಳಿಯುವುದು ಪ್ರಾಣಾಪಾಯಕ್ಕೆ ದಾರಿ. ಕೃಷ್ಣಾ ನದಿಯಲ್ಲಿ ಮೊಸಳೆಗಳಿರುವುದರಿಂದ, ಕನ್ನಡಕದಿಂದ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಸುರಕ್ಷಿತವೆಂದು ತಿಳಿಯಲಾಗದು.

ಈ ಕನ್ನಡಕದ ಮೂಲಕ ಕೆಲವು ಮೊಬೈಲ್ ಪರದೆಗಳು ಕಪ್ಪಾಗಿ ಕಾಣಬಹುದು. ಕತ್ತಲಾದ ಮೇಲೆ ಇದನ್ನು ಧರಿಸಿ ವಾಹನ ಓಡಿಸುವುದಾಗಲಿ ಹರಿಗೋಲು ಹಾಕುವುದಾಗಲಿ ಸಲ್ಲದು. ಸೂರ್ಯನನ್ನು ಅಥವಾ ಗ್ರಹಣವನ್ನು ನೇರವಾಗಿ ನೋಡಲು ಇದು ರಕ್ಷಣೆ ನೀಡದು. ಪೊರೆಯ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಸಲಹೆಯಂತೆ ಆಯ್ಕೆ ಮಾಡಬೇಕು.

ನಿರ್ವಹಣೆ

ಧೂಳಿನ ಕಣಗಳು ಇರುವಾಗ ಒಣಬಟ್ಟೆಯಿಂದ ಒರೆಸಿದರೆ ಮಸೂರಕ್ಕೆ ಗೀರು ಬೀಳುತ್ತದೆ. ಮೊದಲು ಶುದ್ಧ ನೀರಿನಿಂದ ತೊಳೆದು, ಬಳಿಕ ಮೃದುವಾದ ಹತ್ತಿಬಟ್ಟೆಯಿಂದ ಒರೆಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಇಟ್ಟರೆ ಲೇಪನ ಬಿರುಕು ಬಿಡಬಹುದು, ಧ್ರುವೀಕರಣ ಪದರ ಮಸೂರದಿಂದ ಬಿಟ್ಟುಕೊಳ್ಳಬಹುದು. ಬಗ್ಗಿ ಬಲೆ ಎಳೆಯುವಾಗ ಕನ್ನಡಕ ನೀರಿಗೆ ಬೀಳದಂತೆ ಕೊರಳಿಗೆ ದಾರ ಕಟ್ಟಿಕೊಳ್ಳುವುದು ಸರಳ ಉಪಾಯ. ಹಳೆಯ ಪವರ್ ಕನ್ನಡಕವೊಂದನ್ನು ಜೊತೆಗೆ ಒಯ್ದರೆ, ಹೊತ್ತು ಮುಳುಗಿದ ಮೇಲೆ ದಡ ಸೇರಲು ಅದು ನೆರವಾಗುತ್ತದೆ.